ಕೋಡ್‌ಗೆ ಲ್ಯಾಬ್ ಇದೆ, ಕಥೆಗೆ ಯಾಕಿಲ್ಲ?

ನಾನು ಬಿಇ ಮೂರನೇ ವರ್ಷದಲ್ಲಿದ್ದೇನೆ, ಕಂಪ್ಯೂಟರ್ ಸೈನ್ಸ್. ವಾರದಲ್ಲಿ ಮೂರು ಮಧ್ಯಾಹ್ನ ನಮಗೆ ಲ್ಯಾಬ್. ಪ್ರೋಗ್ರಾಂ ಬರೆಯುತ್ತೇವೆ, ಎರರ್ ಬರುತ್ತದೆ, ಪಕ್ಕದ ಸಿಸ್ಟಂನಲ್ಲಿ ಕೂತವರು ಇಣುಕಿ ‘ಲೂಪ್ ಒಂದು ಸಲ ಜಾಸ್ತಿ ತಿರುಗ್ತಿದೆ ನೋಡು’ ಅನ್ನುತ್ತಾರೆ, ತಿದ್ದಿಕೊಳ್ಳುತ್ತೇವೆ. ಅದರಲ್ಲಿ ಅವಮಾನವೇನೂ ಇಲ್ಲ. ಕಂಪನಿಗಳಲ್ಲೂ ಹೀಗೇ ಅಂತೆ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಮುಂದಕ್ಕೆ ಹೋಗುವುದು. ಆದರೆ ಇದೇ ಹುಡುಗ ಹುಡುಗಿಯರು ರಾತ್ರಿ ಹಾಸ್ಟೆಲ್‌ನಲ್ಲಿ ಮೊಬೈಲ್ ನೋಟ್ಸ್‌ನಲ್ಲಿ ಒಂದು ಕವಿತೆಯನ್ನೋ ಕಥೆಯ ಅರ್ಧ ಪುಟವನ್ನೋ ಬರೆಯುತ್ತಿರುವಾಗ ಯಾರಾದರೂ ಹತ್ತಿರ ಬಂದರೆ ತಟ್ಟನೆ ಸ್ಕ್ರೀನ್ ಆಫ್ ಮಾಡುತ್ತಾರೆ. ನಮ್ಮ ಕಾಲೇಜಿನಲ್ಲಿ ಹೀಗೆ ಕದ್ದು ಬರೆಯುವವರು ಎಂಟು ಹತ್ತು ಜನ ಇದ್ದಾರೆ ಎಂದು ನನಗೆ ಗೊತ್ತಾಗಿದ್ದೇ ಐದನೇ ಸೆಮಿಸ್ಟರ್‌ನಲ್ಲಿ. ಅವರಲ್ಲಿ ಇಬ್ಬರು ಎರಡು ವರ್ಷದಿಂದ ನನ್ನ ಕ್ಲಾಸಿನಲ್ಲೇ ಕೂರುತ್ತಿದ್ದವರು.

ಕೋಡ್ ಬರೆಯುವುದನ್ನು ಕಲಿಸುವ ಕಾಲೇಜು ಕಥೆ ಬರೆಯುವುದನ್ನು ಯಾಕೆ ಕಲಿಸುವುದಿಲ್ಲ ಎಂದು ಕೇಳಿದರೆ ಬರುವ ಉತ್ತರ ನಿಮಗೂ ಗೊತ್ತು. ‘ಅದೆಲ್ಲ ಹುಟ್ಟಿನಿಂದ ಬರಬೇಕು ಕಣಮ್ಮ.’ ಪ್ರತಿಭೆಯನ್ನು ಕಲಿಸಲಾಗದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ವಿಶ್ವವಿದ್ಯಾಲಯ ಮಾಡಬಹುದಾದ ಇನ್ನೊಂದು ಕೆಲಸವಿದೆ. ಬರೆಯುವವರನ್ನು ಒಂದು ಕೋಣೆಯಲ್ಲಿ ಸೇರಿಸಿ, ಇನ್ನೂ ಮುಗಿಯದ ಬರಹವನ್ನು ಗಂಭೀರವಾಗಿ ಓದುವ ನಾಲ್ಕು ಜನರನ್ನು ಅವರಿಗೆ ಒದಗಿಸಿಕೊಡುವುದು. ಇದನ್ನು ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮಾಡಿಕೊಂಡು ಬಂದಿರುವ ಒಂದು ಜಾಗದ ಬಗ್ಗೆ ಇಲ್ಲಿ ಬರೆಯಬೇಕು ಅನ್ನಿಸಿತು. ಅದರ ಕಥೆಯಲ್ಲಿ ನಮ್ಮ ಕನ್ನಡದ್ದೂ ಒಂದು ಎಳೆ ಇದೆ.

ಇಂಗ್ಲೆಂಡಿನ ಪೂರ್ವಕ್ಕೆ ನಾರ್ವಿಚ್ ಎಂಬ ಹಳೆಯ ಊರಿದೆ. ಅಲ್ಲಿನ ಯೂನಿವರ್ಸಿಟಿ ಆಫ್ ಈಸ್ಟ್ ಆಂಗ್ಲಿಯಾದಲ್ಲಿ 1970ರಲ್ಲಿ ಇಬ್ಬರು ಕಾದಂಬರಿಕಾರರು, ಮಾಲ್ಕಂ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್, ಸೃಜನಶೀಲ ಬರವಣಿಗೆಯ ಎಂಎ ಆರಂಭಿಸಿದರು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಬರಹಗಾರರ ಕಾರ್ಯಾಗಾರ 1936ರಿಂದಲೇ ನಡೆಯುತ್ತಿತ್ತು, ಆದರೆ ಬ್ರಿಟನ್ನಿಗೆ ಇದು ಹೊಸದು. ಮೊದಲ ವರ್ಷ ಈ ಹಾದಿಯಲ್ಲಿ ಬಂದ ವಿದ್ಯಾರ್ಥಿ ಒಬ್ಬನೇ ಒಬ್ಬ. 22 ವರ್ಷದ ಇಯಾನ್ ಮೆಕ್‌ಇವಾನ್. ನಮ್ಮಲ್ಲಾಗಿದ್ದರೆ ‘ದಾಖಲಾತಿ ಸಾಲದು’ ಎಂಬ ಒಂದು ಸುತ್ತೋಲೆಯಲ್ಲಿ ಕೋರ್ಸೇ ಮುಚ್ಚಿಹೋಗುತ್ತಿತ್ತು. ಅಲ್ಲಿ ಮುಚ್ಚಲಿಲ್ಲ. ಮೆಕ್‌ಇವಾನ್ ಆ ವರ್ಷವಿಡೀ ಕಥೆ ಬರೆದರು, 1975ರಲ್ಲಿ ಅವರ ಮೊದಲ ಕಥಾಸಂಕಲನ ಬಂತು, ಮುಂದೆ ಅವರು ಇಂಗ್ಲಿಷಿನ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬರಾದರು.

ಒಂಬತ್ತು ವರ್ಷದ ನಂತರ ಅದೇ ಕೋರ್ಸಿಗೆ ಸೇರಿದವರು ಕಜುವೊ ಇಶಿಗುರೊ. ಹುಟ್ಟಿದ್ದು ಜಪಾನಿನ ನಾಗಸಾಕಿಯಲ್ಲಿ, ಐದನೇ ವಯಸ್ಸಿಗೆ ಅಪ್ಪ ಅಮ್ಮನ ಜತೆ ಇಂಗ್ಲೆಂಡಿಗೆ ಬಂದವರು. ಹಾಡು ಬರೆದು ಹಾಡುವವನಾಗಬೇಕು ಎಂದು ಕ್ಯಾಸೆಟ್ ಕಂಪನಿಗಳ ಬಾಗಿಲು ತಟ್ಟಿದ್ದವರು, ಲಂಡನ್ನಿನಲ್ಲಿ ಮನೆಯಿಲ್ಲದವರ ನಡುವೆ ಕೆಲಸ ಮಾಡಿದವರು. 2017ರಲ್ಲಿ ನೊಬೆಲ್ ಬಂದಾಗ ಮಾಡಿದ ಭಾಷಣವನ್ನು ಅವರು ಶುರು ಮಾಡಿದ್ದೇ 1979ರ ಆ ದಿನಗಳಿಂದ. ವಯಸ್ಸು 24. ವಿಶ್ವವಿದ್ಯಾಲಯದಿಂದ ಹತ್ತು ಮೈಲಿ ದೂರದ ಹಳ್ಳಿಯಲ್ಲಿ ಬಾಡಿಗೆ ಕೋಣೆ. ದಿನಕ್ಕೆ ಬಸ್ಸು ಮೂರೇ ಹೊತ್ತು. ಅದರಿಂದ ತೊಂದರೆಯೇನೂ ಆಗಲಿಲ್ಲ, ಯಾಕೆಂದರೆ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಕ್ಲಾಸಿಗೆ ಹೋಗಬೇಕಾದ ಸಂದರ್ಭವೇ ಅಪರೂಪ. (ನಮ್ಮ ಶೇ 75 ಹಾಜರಾತಿ ನೆನಪಾಗಿ ನನಗೆ ಹೊಟ್ಟೆಕಿಚ್ಚಾಯಿತು, ಅದಿರಲಿ.)

ಆ ದಿನಗಳಲ್ಲಿ ಒಂದು ರಾತ್ರಿ ಅವರು ತಾನು ಬಿಟ್ಟುಬಂದ ನಾಗಸಾಕಿಯ ಬಗ್ಗೆ, ಯುದ್ಧದ ಕೊನೆಯ ದಿನಗಳ ಬಗ್ಗೆ ಬರೆಯತೊಡಗಿದರು. ಇಂಗ್ಲೆಂಡಿನಲ್ಲಿ ಬೆಳೆದ ಹುಡುಗ ಜಪಾನಿನ ಕಥೆ ಬರೆದರೆ ಯಾರು ಓದುತ್ತಾರೆ ಎಂಬ ಅನುಮಾನ ಆ ಕಾಲಕ್ಕೆ ಸಹಜವೇ. ಆದರೆ ಕೋರ್ಸಿನಲ್ಲಿದ್ದ ಬೆರಳೆಣಿಕೆಯ ಸಹಪಾಠಿಗಳು ಅದನ್ನು ಮೆಚ್ಚಿ ಮುಂದುವರಿಸು ಎಂದರು. ಆ ತಿಂಗಳುಗಳು ಇಲ್ಲದೇ ಹೋಗಿದ್ದರೆ ತಾನು ಬರಹಗಾರನೇ ಆಗುತ್ತಿರಲಿಲ್ಲವೇನೋ ಎಂಬರ್ಥದ ಮಾತನ್ನು ಇಶಿಗುರೊ ಅದೇ ಭಾಷಣದಲ್ಲಿ ಹೇಳಿದ್ದಾರೆ. ಹಾಗೆ ಬೆಳೆದ ಬರಹ 1982ರಲ್ಲಿ ಅವರ ಮೊದಲ ಕಾದಂಬರಿಯಾಗಿ ಬಂತು. ಆ ವರ್ಷ ಅವರಿಗೆ ಸಿಕ್ಕಿದ್ದರಲ್ಲಿ ಫೀಸು ಕಟ್ಟಿ ಕೊಳ್ಳಬಹುದಾದ ‘ಸ್ಕಿಲ್’ ಎಷ್ಟು ಎಂದು ನನಗೆ ಹೇಳಲಾಗದು. ಬಿಡುವು ಸಿಕ್ಕಿತು, ಓದುವವರು ಸಿಕ್ಕರು. ನನಗೆ ಮುಖ್ಯ ಅನ್ನಿಸಿದ್ದು ಅಷ್ಟೇ.

ಇನ್ನು ಕನ್ನಡದ ಎಳೆ. ಮಾಲ್ಕಂ ಬ್ರಾಡ್‌ಬರಿ ನಾರ್ವಿಚ್‌ಗೆ ಬರುವ ಮೊದಲು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಅಲ್ಲಿಗೆ ಪಿಎಚ್.ಡಿ ಮಾಡಲು ಹೋದವರು ನಮ್ಮ ಯು.ಆರ್. ಅನಂತಮೂರ್ತಿ. ಬ್ರಾಡ್‌ಬರಿ ಅವರ ಗುರು. ಒಂದು ಸಂಜೆ ಇಬ್ಬರೂ ಕೂಡಿ ಇಂಗ್ಮಾರ್ ಬರ್ಗ್‌ಮನ್‌ರ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದರು. ಪ್ಲೇಗಿನ ಕಾಲದ ಯುರೋಪಿನ ಕಥೆ ಅದು. ಸಿನಿಮಾ ಮುಗಿದ ಮೇಲೆ ಮಾತು ಹೀಗೆ ಹೊರಳಿತು: ಯುರೋಪಿನವರು ಮಧ್ಯಯುಗವನ್ನು ಪುಸ್ತಕ ಓದಿ ಕಟ್ಟಿಕೊಳ್ಳಬೇಕು, ಭಾರತದ ಲೇಖಕನಿಗೆ ಹಳೆಯ ಕಾಲ, ಹೊಸ ಕಾಲ ಎಲ್ಲವೂ ಒಂದೇ ಬೀದಿಯಲ್ಲಿ ಒಟ್ಟಿಗೇ ಸಿಗುತ್ತವೆ. ಆ ಮಾತುಕತೆಯ ಬೆನ್ನಿಗೇ ‘ಸಂಸ್ಕಾರ’ ಬರೆದೆ ಎಂದು ಅನಂತಮೂರ್ತಿ ಮತ್ತೆ ಮತ್ತೆ ನೆನಪಿಸಿಕೊಂಡಿದ್ದಾರೆ. ಮಲೆನಾಡಿನ ಅಗ್ರಹಾರ, ಅಲ್ಲಿನ ಪ್ಲೇಗು, ಸಂಸ್ಕಾರವಾಗದೇ ಉಳಿದ ಹೆಣ, ಇವೆಲ್ಲ ಕನ್ನಡದ ಪುಟದ ಮೇಲೆ ಮೂಡಿದ್ದು ಇಂಗ್ಲೆಂಡಿನ ಕಾರ್ಖಾನೆಗಳ ಊರಿನಲ್ಲಿ. ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬ್ರಾಡ್‌ಬರಿ ನಾರ್ವಿಚ್‌ಗೆ ಹೋದರು, ಐದು ವರ್ಷದ ಮೇಲೆ ಆ ಎಂಎ ಶುರುವಾಯಿತು.

ಇಲ್ಲಿ ಒಂದನ್ನು ಒತ್ತಿ ಹೇಳಬೇಕು. ಅನಂತಮೂರ್ತಿಯವರ ಪಿಎಚ್.ಡಿ ಇದ್ದದ್ದು 1930ರ ದಶಕದ ಇಂಗ್ಲಿಷ್ ಸಾಹಿತ್ಯ ಮತ್ತು ರಾಜಕೀಯದ ಬಗ್ಗೆ. ‘ಸಂಸ್ಕಾರ’ಕ್ಕೂ ಆ ಡಿಗ್ರಿಗೂ ಸಂಬಂಧವಿಲ್ಲ, ಅದಕ್ಕೆ ಯಾರೂ ಅಂಕ ಕೊಡಲಿಲ್ಲ. ಆದರೂ ಅದು ವಿಶ್ವವಿದ್ಯಾಲಯದ ಬದುಕಿನಿಂದ ಬಂದ ಕೃತಿ. ಮೇಷ್ಟ್ರೊಬ್ಬರಿಗೆ ತಮ್ಮ ವಿದ್ಯಾರ್ಥಿಯ ಜತೆ ಸಿನಿಮಾ ನೋಡಿ, ಆಮೇಲೆ ನಿಂತು ಮಾತನಾಡುವಷ್ಟು ಪುರುಸೊತ್ತಿತ್ತು. ಕೃತಿಯ ಗೌರವ ಸಂಪೂರ್ಣವಾಗಿ ಅನಂತಮೂರ್ತಿಯವರದ್ದೇ, ಬ್ರಾಡ್‌ಬರಿ ಅವರಿಗೆ ಅಗ್ರಹಾರ ಅಂದರೇನು ಎಂದೂ ಗೊತ್ತಿದ್ದಿರಲಾರದು. ಅವರು ಕೊಟ್ಟಿದ್ದು ಕಿವಿ.

ಸೃಜನಶೀಲ ಬರವಣಿಗೆಯಲ್ಲಿ ‘ಸಂಶೋಧನೆ’ ಅಂದರೆ ಏನು ಎಂದು ನನ್ನ ರೂಮ್‌ಮೇಟ್ ಕೇಳಿದಳು. ನಮಗೆ ಸಂಶೋಧನೆ ಅಂದರೆ ಜರ್ನಲ್ ಪೇಪರ್, ಸೈಟೇಷನ್, ಪ್ಲೇಜಿಯರಿಸಂ ಪರ್ಸೆಂಟೇಜು. ಈಸ್ಟ್ ಆಂಗ್ಲಿಯಾದಂಥ ಕಡೆ ಇದರ ರೂಪ ಬೇರೆ. ಅಲ್ಲಿ ಕಾದಂಬರಿಯನ್ನೇ ಪಿಎಚ್.ಡಿಯ ಮುಖ್ಯ ಭಾಗವಾಗಿ ಬರೆಯಬಹುದು, ಜತೆಗೆ ವಿಮರ್ಶಾತ್ಮಕ ಪ್ರಬಂಧವೊಂದನ್ನು ಕೊಡಬೇಕು. ಕಥೆ ಬರೆಯುತ್ತಾ ಹೋದಾಗಲೇ ಗೊತ್ತಾಗುವ ಸಂಗತಿಗಳಿವೆ, ಅದೂ ಜ್ಞಾನವೇ ಎಂಬುದು ಇದರ ಹಿಂದಿನ ನಂಬಿಕೆ. ಅಯೋವಾದಲ್ಲಂತೂ 1922ರಷ್ಟು ಹಿಂದೆಯೇ ಡಿಗ್ರಿಗೆ ಪ್ರಬಂಧದ ಬದಲು ಸೃಜನಶೀಲ ಕೃತಿಯನ್ನು ಒಪ್ಪಿಸಬಹುದು ಎಂದು ಘೋಷಿಸಿದ್ದರು.

ನಾರ್ವಿಚ್‌ನಲ್ಲಿ ಇದರ ಸುತ್ತ ಇನ್ನೂ ಹಲವು ಕೆಲಸಗಳು ಬೆಳೆದಿವೆ. ಅಲ್ಲೇ ಪಾಠ ಮಾಡುತ್ತಿದ್ದ ಜರ್ಮನ್ ಲೇಖಕ ಡಬ್ಲ್ಯು.ಜಿ. ಸೀಬಾಲ್ಡ್ 1989ರಲ್ಲಿ ಸಾಹಿತ್ಯಾನುವಾದಕ್ಕೆಂದೇ ಒಂದು ಕೇಂದ್ರ ಕಟ್ಟಿದರು. ಅದರ ಬೇಸಿಗೆ ಶಿಬಿರದಲ್ಲಿ ಅನುವಾದಕರು ಒಂದೇ ಪುಟವನ್ನು ಒಟ್ಟಿಗೆ ಕೂತು ಅನುವಾದಿಸುತ್ತಾರೆ, ಮೂಲ ಲೇಖಕರೂ ಅದೇ ಕೋಣೆಯಲ್ಲಿರುತ್ತಾರೆ. ಒಂದು ಪದಕ್ಕೆ ಅರ್ಧ ಗಂಟೆ ಜಗಳವಾದರೂ ಯಾರೂ ಗಡಿಯಾರ ನೋಡುವುದಿಲ್ಲ ಎಂದು ಕಲ್ಪಿಸಿಕೊಂಡೇ ನನಗೆ ಖುಷಿಯಾಗುತ್ತದೆ. ವಿಶ್ವವಿದ್ಯಾಲಯದ ಭಂಡಾರದಲ್ಲಿ ಡೋರಿಸ್ ಲೆಸಿಂಗ್ ಅವರಂಥ ಲೇಖಕರ ಕಾಗದಪತ್ರಗಳನ್ನು ಕಾಪಾಡಿದ್ದಾರೆ. ವಿದ್ಯಾರ್ಥಿಗಳ ಬರಹದ ಸಂಕಲನಗಳು ಪ್ರಕಟವಾಗುತ್ತವೆ. 2012ರಲ್ಲಿ ಯುನೆಸ್ಕೊ ಆ ಊರಿಗೆ ‘ಸಾಹಿತ್ಯ ನಗರಿ’ ಎಂಬ ಮನ್ನಣೆ ಕೊಟ್ಟಿತು, ಇಂಗ್ಲೆಂಡಿನಲ್ಲಿ ಅದು ಮೊದಲನೆಯದು. ಒಬ್ಬ ವಿದ್ಯಾರ್ಥಿಯಿಂದ ಶುರುವಾದದ್ದು ಅಂದೆನಲ್ಲ, ಅದೇ ಇದು.

ಎಲ್ಲವೂ ಚೆನ್ನ ಅಂತೇನಿಲ್ಲ. ಈ ಕಾರ್ಯಾಗಾರಗಳ ಮೇಲೆ ಗಟ್ಟಿಯಾದ ಆಕ್ಷೇಪಗಳಿವೆ, ಅವನ್ನು ತಿಳಿಯದೆ ನಾವು ನಕಲು ಮಾಡಬಾರದು. ಅಮೆರಿಕದಲ್ಲಿ ಹೆಚ್ಚು ಬಳಕೆಗೆ ಬಂದ ಪದ್ಧತಿ ಹೀಗಿದೆ: ಬರಹವನ್ನು ಮೊದಲೇ ಎಲ್ಲರಿಗೂ ಕೊಟ್ಟಿರುತ್ತಾರೆ, ಸುತ್ತ ಕೂತವರು ಅದರ ಬಗ್ಗೆ ಮಾತನಾಡುತ್ತಾರೆ, ಬರೆದವರು ಮಾತ್ರ ಬಾಯಿ ತೆರೆಯುವಂತಿಲ್ಲ. ಒಳ್ಳೆಯ ಉದ್ದೇಶದ ನಿಯಮವೇ. ‘ನಾನು ಹೇಳಹೊರಟಿದ್ದು ಹಾಗಲ್ಲ’ ಎಂದು ಪುಸ್ತಕದ ಹಿಂದೆ ನಿಂತು ಓದುಗರಿಗೆ ವಿವರಿಸಲು ಆಗುವುದಿಲ್ಲವಲ್ಲ. ಆದರೆ ಮೇಜಿನ ಸುತ್ತ ಕೂತ ಹನ್ನೆರಡು ಜನರ ಬದುಕು ಒಂದೇ ಥರದ್ದಾಗಿದ್ದು, ಬರೆದ ಒಬ್ಬಳ ಬದುಕು ಮಾತ್ರ ಬೇರೆಯಾಗಿದ್ದರೆ? ಆಗ ಆ ಮೌನ ಬರೀ ಬಾಯಿಮುಚ್ಚಿಸುವಿಕೆ.

ಸಾಂಡ್ರಾ ಸಿಸ್ನೆರೋಸ್ ಎಂಬ ಲೇಖಕಿ 1970ರ ದಶಕದ ಕೊನೆಯಲ್ಲಿ ಅಯೋವಾದಲ್ಲಿ ಓದಿದವರು. ಮೆಕ್ಸಿಕೊ ಮೂಲದ ಕುಟುಂಬ, ಷಿಕಾಗೊದ ಬಡ ಬೀದಿಗಳಲ್ಲಿ ಬೆಳೆದದ್ದು. ಒಂದು ದಿನ ತರಗತಿಯಲ್ಲಿ ‘ಮನೆ’ ಎಂಬ ನೆನಪಿನ ಬಗ್ಗೆ ಚರ್ಚೆ. ಉಳಿದವರೆಲ್ಲ ಅಟ್ಟ, ನೆಲಮಾಳಿಗೆ, ಮೆಟ್ಟಿಲು ಎಂದು ಮಾತನಾಡುತ್ತಿದ್ದಾಗ ಅವರಿಗೆ ತಾನು ಬೆಳೆದ ಮನೆಗೂ ಇವರು ಹೇಳುತ್ತಿರುವ ಮನೆಗೂ ಏನೂ ಸಂಬಂಧವಿಲ್ಲ ಎಂದು ಹೊಳೆಯಿತು. ಮೊದಲು ನಾಚಿಕೆ, ಆಮೇಲೆ ಸಿಟ್ಟು. ಈ ಕ್ಲಾಸಿನಲ್ಲಿ ಯಾರೂ ಬರೆಯಲಾಗದ ಮನೆಯನ್ನು ತಾನು ಬರೆಯಬೇಕು ಎಂದು ಅವರು ಹೊರಟರು. ‘ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್’ 1984ರಲ್ಲಿ ಬಂತು. ಕಾರ್ಯಾಗಾರ ಅವರನ್ನು ಬೆಳೆಸಿದ್ದು ಎದುರು ನಿಂತು. ಅವರಂತೆ ಸಿಟ್ಟನ್ನು ಪುಸ್ತಕ ಮಾಡಲಾಗದೆ ಸುಮ್ಮನೆ ಎದ್ದುಹೋದವರ ಹೆಸರು ನಮಗೆ ತಲುಪುವುದಿಲ್ಲ.

ಇದು ದೂರದ ಅಮೆರಿಕದ ಮಾತು ಅನ್ನಬೇಡಿ. ನಮ್ಮ ಕಾಲೇಜಿನಲ್ಲಿ ಕಳೆದ ಸೆಮಿಸ್ಟರ್‌ನಿಂದ ನಾವು ಏಳು ಜನ ಗುರುವಾರ ಸಂಜೆ ಕೂತು ಒಬ್ಬರದ್ದೊಬ್ಬರು ಓದುತ್ತೇವೆ. ಮೂರು ಪುಟ ಮೀರಬಾರದು, ಮಂಗಳವಾರ ರಾತ್ರಿಯೊಳಗೆ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಕು, ಓದದೆ ಬಂದವರು ಅವತ್ತು ಮಾತನಾಡುವ ಹಾಗಿಲ್ಲ. ಇಷ್ಟೇ ನಿಯಮ. ಕಲಬುರಗಿ ಕಡೆಯ ಒಬ್ಬ ಹುಡುಗ ತನ್ನೂರಿನ ಮಾತಿನಲ್ಲೇ ಕಥೆ ಬರೆದು ತಂದ. ಬೆಂಗಳೂರಿನವರು ಒಬ್ಬರು ‘ಗ್ರಾಂಥಿಕಕ್ಕೆ ತಿರುಗಿಸಿದರೆ ಎಲ್ಲರಿಗೂ ಅರ್ಥ ಆಗುತ್ತೆ’ ಎಂದರು. ಹೇಳಿದ್ದು ಕೆಟ್ಟ ಮನಸ್ಸಿನಿಂದೇನಲ್ಲ. ಹುಡುಗ ಫೋನ್ ಕೆಳಗಿಟ್ಟ. ಅಷ್ಟರಲ್ಲಿ ಇನ್ನೊಬ್ಬಳು, ‘ಮೊದಲು ನೀನೇ ಜೋರಾಗಿ ಓದಿಬಿಡು, ಆಮೇಲೆ ನೋಡೋಣ’ ಎಂದಳು. ಅವನು ಓದಿದ. ಅವನ ಧಾಟಿಯಲ್ಲಿ ಕೇಳಿದ ಮೇಲೆ ಎರಡು ಪದ ಬಿಟ್ಟರೆ ಎಲ್ಲವೂ ಎಲ್ಲರಿಗೂ ತಿಳಿಯಿತು. ಆ ಎರಡು ಪದಗಳನ್ನೂ ಹಾಗೇ ಬಿಟ್ಟೆವು. ಆವತ್ತಿನಿಂದ ಬರೆದವರು ಮೊದಲು ಗಟ್ಟಿಯಾಗಿ ಓದುವುದು ನಮ್ಮ ನಾಲ್ಕನೇ ನಿಯಮವಾಯಿತು, ಮತ್ತು ಬೇಕೆನಿಸಿದರೆ ಬರೆದವರು ಮಾತನಾಡಬಹುದು ಎಂಬುದು ಐದನೆಯದು.

ಇನ್ನೊಂದು ಉದಾಹರಣೆ ಕೊಡದಿದ್ದರೆ ಇದರ ರುಚಿ ನಿಮಗೆ ಸಿಗಲಾರದು. ಸಿವಿಲ್ ವಿಭಾಗದ ಗೆಳತಿಯೊಬ್ಬಳು ರಸ್ತೆ ಅಗಲೀಕರಣದಲ್ಲಿ ಮನೆಯ ಮುಂಭಾಗ ಕಳೆದುಕೊಳ್ಳುವ ಅಜ್ಜಿಯ ಕಥೆ ಬರೆದಿದ್ದಳು. ಸರ್ವೆಯವರು ಗೋಡೆಗೆ ಕೆಂಪು ಗುರುತು ಹಾಕುತ್ತಾರೆ, ತುಳಸಿಕಟ್ಟೆ ಗುರುತಿನ ಆಚೆ ಬೀಳುತ್ತದೆ, ಅಜ್ಜಿ ಕಟ್ಟೆ ತಬ್ಬಿಕೊಂಡು ಅಳುತ್ತಾಳೆ. ನಾವೆಲ್ಲ ಚೆನ್ನಾಗಿದೆ ಎಂದೆವು. ಮೆಕ್ಯಾನಿಕಲ್‌ನ ಒಬ್ಬ ಮಾತ್ರ, ‘ಈ ಅಜ್ಜಿ ಯಾಕೆ ಅಳ್ತಾರೆ? ನಮ್ಮಜ್ಜಿ ಆಗಿದ್ರೆ ಎಷ್ಟು ಅಡಿ ಅಂತ ಮೊದಲು ಲೆಕ್ಕ ಕೇಳಿರೋರು’ ಎಂದ. ಅವಳಿಗೆ ಸಿಟ್ಟೇ ಬಂತು, ಎರಡು ವಾರ ಬರಲಿಲ್ಲ. ಮೂರನೇ ವಾರ ತಂದ ಕಥೆಯಲ್ಲಿ ಅಜ್ಜಿ ಅಳುವುದಿಲ್ಲ. ‘ರಸ್ತೆ ಮಧ್ಯದಿಂದ ಅಳೀರಿ, ಆ ಕಡೆಯಿಂದ ಅಲ್ಲ’ ಎಂದು ಸರ್ವೆಯವರ ಜತೆ ಜಗಳಕ್ಕೆ ನಿಲ್ಲುತ್ತಾಳೆ, ಕೈಯಿಂದ ಮೊಳ ಹಾಕಿ ತೋರಿಸುತ್ತಾಳೆ. ಸಿವಿಲ್ ಓದುವ ಮೊಮ್ಮಗಳು ಪಕ್ಕದಲ್ಲೇ ಇದ್ದಾಳೆ. ಕಾಲೇಜಿನ ಸರ್ವೆ ಪ್ರಾಕ್ಟಿಕಲ್‌ನಲ್ಲಿ ಇದೇ ಕೆಲಸ ಕಲಿತವಳು. ಅಳತೆ ಸರಿಯಾಗಿಯೇ ಇದೆ ಎಂದು ಅವಳಿಗೆ ಗೊತ್ತು, ಅಜ್ಜಿ ಅವಳ ಮುಖ ನೋಡುತ್ತಾಳೆ, ಕಥೆ ಅಲ್ಲಿಗೆ ನಿಲ್ಲುತ್ತದೆ. ಓದಿ ಮುಗಿಸಿದಾಗ ಒಂದು ನಿಮಿಷ ಯಾರೂ ಮಾತನಾಡಲಿಲ್ಲ. ಅವಳ ಓದು, ಅವಳ ಮನೆ, ಎರಡೂ ಸೇರಿ ಬಂದ ಕಥೆ ಅದು. ಅದು ಮೊದಲ ಸಲ ಬರೆದಾಗಲೇ ಅವಳೊಳಗೆ ಇತ್ತು. ಒಬ್ಬ ಓದುಗ ಕೇಳಿದ ಒಂದು ಪ್ರಶ್ನೆಯಿಂದ ಹೊರಗೆ ಬಂತು.

ಚಾಟ್‌ಜಿಪಿಟಿ ಇದೆಯಲ್ಲ, ಅದಕ್ಕೆ ಕೊಟ್ಟರೆ ತಿದ್ದಿಕೊಡುತ್ತದಲ್ಲ ಎಂದು ಒಬ್ಬ ಜೂನಿಯರ್ ಕೇಳಿದ. ತಿದ್ದಿಕೊಡುತ್ತದೆ, ನಾನೂ ಅಸೈನ್‌ಮೆಂಟಿಗೆ ಬಳಸುತ್ತೇನೆ. ಆದರೆ ‘ನಮ್ಮಜ್ಜಿ ಆಗಿದ್ರೆ’ ಎಂದು ಶುರು ಮಾಡಲು ಅದಕ್ಕೆ ಅಜ್ಜಿ ಇಲ್ಲ. ನಮ್ಮ ಬರಹಕ್ಕೆ ಕಂಪೈಲರ್ ಇಲ್ಲ ಎಂಬುದೇ ಕಷ್ಟ. ಕೋಡ್ ತಪ್ಪಿದ್ದರೆ ಯಾವ ಸಾಲಿನಲ್ಲಿ ಎಂದು ಮಿಷನ್ ತೋರಿಸುತ್ತದೆ, ಕಥೆ ತಪ್ಪಿದ್ದರೆ ಎದುರು ಕೂತವರ ಮುಖ ನೋಡಿಯೇ ತಿಳಿಯಬೇಕು.

ಇಂಥ ಕೂಟಗಳು ಕನ್ನಡಕ್ಕೆ ಹೊಸದೇನಲ್ಲ. ಅನುಭವ ಮಂಟಪದವರೆಗೆ ಹೋಗುವುದು ಬೇಡ, ನೂರು ವರ್ಷದ ಹಿಂದಿನದ್ದನ್ನೇ ನೋಡೋಣ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಇತ್ತು. ಬಿಜಾಪುರ ಸೀಮೆಯ ಹಲಸಂಗಿ ಎಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರಂಥವರು ಸೇರಿ ತಾವೂ ಬರೆದರು, ಸುತ್ತಲಿನ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳನ್ನೂ ಸಂಗ್ರಹಿಸಿದರು. ‘ಗರತಿಯ ಹಾಡು’ ಬಂದದ್ದು ಹಾಗೆ. ಅದಕ್ಕಿಂತ ಒಳ್ಳೆಯ ಸೃಜನಶೀಲ ಸಂಶೋಧನೆಯ ಕೂಟ ಎಲ್ಲಿದೆ? ವಿಶ್ವವಿದ್ಯಾಲಯದ ಮುದ್ರೆ ಇರಲಿಲ್ಲ ಅಷ್ಟೇ. ಕಾಲೇಜಿನ ಒಳಗಿನ ಉದಾಹರಣೆ ಬೇಕೆಂದರೆ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘವಿದೆ. ಚಿ. ಶ್ರೀನಿವಾಸರಾಜು ಮೇಷ್ಟ್ರು ಅಲ್ಲಿ ಬೇಂದ್ರೆ ಹೆಸರಿನಲ್ಲಿ ನಡೆಸಿದ ಕಾವ್ಯ ಸ್ಪರ್ಧೆಗೆ ರಾಜ್ಯದ ಬೇರೆ ಬೇರೆ ಕಡೆಯ ವಿದ್ಯಾರ್ಥಿಗಳು ಕವಿತೆ ಕಳಿಸುತ್ತಿದ್ದರು. ಹೊಸಬರ ಪುಸ್ತಕಗಳನ್ನು ಸಂಘವೇ ಪ್ರಕಟಿಸಿತು. ಒಬ್ಬ ಮೇಷ್ಟ್ರ ಹಟದಿಂದ ಎಷ್ಟು ಆಗುತ್ತದೆ ನೋಡಿ.

ನಮ್ಮಂಥ ತಾಂತ್ರಿಕ ಕಾಲೇಜುಗಳಲ್ಲಿ ಈಗ ಕನ್ನಡ ಸಂಘ ಅಂದರೆ ನವೆಂಬರ್. ಬ್ಯಾನರು, ಡೊಳ್ಳು, ಟಿ–ಶರ್ಟು, ಸಂಜೆಗೆ ಡಿಜೆ. ನಾನೂ ಕುಣಿದಿದ್ದೇನೆ, ಕುಣಿಯುವುದು ತಪ್ಪಲ್ಲ. ಡಿಸೆಂಬರ್ ಒಂದರಿಂದ ಅಕ್ಟೋಬರ್ ಮೂವತ್ತೊಂದರವರೆಗೆ ಆ ಸಂಘ ಎಲ್ಲಿರುತ್ತದೆ ಎಂಬುದು ನನ್ನ ಪ್ರಶ್ನೆ. ಮೊದಲ ವರ್ಷದಲ್ಲಿ ಕನ್ನಡ ಒಂದು ಕ್ರೆಡಿಟ್ಟಿನ ವಿಷಯ, ಪರೀಕ್ಷೆಯಲ್ಲಿ ಸರಿ ಉತ್ತರಕ್ಕೆ ಗುರುತು ಹಾಕಿದರೆ ಆಯಿತು. ಕನ್ನಡದಲ್ಲಿ ಒಂದೇ ಒಂದು ಪ್ಯಾರಾ ಬರೆಯದೆ ಕನ್ನಡ ಪಾಸು ಮಾಡಿದ ನಾವು ಪದವೀಧರರಾಗುತ್ತೇವೆ. ವಾರ್ಷಿಕ ಸಂಚಿಕೆ ನಿಂತು ಕೆಲವು ವರ್ಷವಾಯಿತು. ಈಗ ನ್ಯಾಕ್ ತಂಡ ಬರುವಾಗ ತೋರಿಸಲು ಪಿಡಿಎಫ್ ಮಾಡುತ್ತಾರೆ, ಅದರಲ್ಲಿ ಹೆಚ್ಚಿನ ಪುಟ ಉದ್ಘಾಟನೆಯ ಫೋಟೊಗಳಿಗೇ ಹೋಗುತ್ತದೆ.

ಇದರಿಂದ ಕೆಲಸ ಸಿಗುತ್ತದಾ? ಈ ಪುಟ ಓದುವ ನಮ್ಮಲ್ಲಿ ಹೆಚ್ಚಿನವರ ತಲೆಯಲ್ಲಿ ಇರುವುದು ಅದೇ ಪ್ರಶ್ನೆ, ನನ್ನ ತಲೆಯಲ್ಲೂ ಇದೆ. ಮುಂದಿನ ವರ್ಷ ಪ್ಲೇಸ್‌ಮೆಂಟ್, ಮನೆಯಲ್ಲಿ ಎಜುಕೇಷನ್ ಲೋನ್. ಕಥೆ ಬರೆದರೆ ಕಮ್ಯುನಿಕೇಷನ್ ಸ್ಕಿಲ್ ಹೆಚ್ಚುತ್ತದೆ, ಪ್ಯಾಕೇಜ್ ಹೆಚ್ಚುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ಹಾಗೆ ಮಾರಿದ ದಿನವೇ ಇದೂ ಇನ್ನೊಂದು ಸಾಫ್ಟ್ ಸ್ಕಿಲ್ಸ್ ತರಬೇತಿಯಾಗಿ, ಕೊನೆಗೊಂದು ಸರ್ಟಿಫಿಕೇಟ್ ಆಗಿ ಮುಗಿಯುತ್ತದೆ. ಆದರೆ ಒಂದು ವ್ಯತ್ಯಾಸ ಕಂಡಿದ್ದೇನೆ. ಪ್ಲೇಸ್‌ಮೆಂಟ್ ತರಬೇತಿಯ ಗ್ರೂಪ್ ಡಿಸ್ಕಷನ್‌ನಲ್ಲಿ ಇನ್ನೊಬ್ಬರ ಮಾತು ಮುಗಿಯುವ ಮುಂಚೆ ಹೇಗೆ ನುಗ್ಗಬೇಕು ಎಂದು ಹೇಳಿಕೊಡುತ್ತಾರೆ. ಗುರುವಾರದ ಕೂಟದಲ್ಲಿ ಇನ್ನೊಬ್ಬರ ಮೂರು ಪುಟವನ್ನು ಪೂರ್ತಿ ಓದದೆ ಬಾಯಿ ತೆರೆಯುವಂತಿಲ್ಲ. ಎರಡನ್ನೂ ಕಲಿತವರು ಒಂದನ್ನು ಮಾತ್ರ ಕಲಿತವರಿಗಿಂತ ಒಳ್ಳೆಯ ಸಹೋದ್ಯೋಗಿ ಆಗಬಹುದು ಎಂಬುದು ನನ್ನ ಅಂದಾಜು.

ಎಂಜಿನಿಯರಿಂಗ್ ಮತ್ತು ಬರವಣಿಗೆ ಒಟ್ಟಿಗೆ ಬಾಳಲಾರವು ಎನ್ನುವವರಿಗೆ ಉತ್ತರ ನಮ್ಮಲ್ಲೇ ಇದೆ. ವಸುಧೇಂದ್ರ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ ವರ್ಷಗಟ್ಟಲೆ ಸಾಫ್ಟ್‌ವೇರ್‌ನಲ್ಲಿ ದುಡಿದವರು. ಅವರು ಕಟ್ಟಿದ ‘ಛಂದ ಪುಸ್ತಕ’ ಹೊಸ ಕಥೆಗಾರರ ಹಸ್ತಪ್ರತಿಗೆ ಬಹುಮಾನ ಕೊಟ್ಟು ಪ್ರಕಟಿಸುತ್ತದೆ. ‘ಘಾಚರ್ ಘೋಚರ್’ ಬರೆದ ವಿವೇಕ ಶಾನಭಾಗ ಕೂಡ ಎಂಜಿನಿಯರ್. ಅಯೋವಾ ವಿಶ್ವವಿದ್ಯಾಲಯವೇ 1967ರಿಂದ ನಡೆಸುತ್ತಿರುವ ಅಂತರರಾಷ್ಟ್ರೀಯ ಬರಹಗಾರರ ಕಾರ್ಯಕ್ರಮದಲ್ಲಿ ಅವರು 2016ರಲ್ಲಿ ಪಾಲ್ಗೊಂಡಿದ್ದರು. 150ಕ್ಕೂ ಹೆಚ್ಚು ದೇಶಗಳ ಲೇಖಕರು ಹೋಗಿಬಂದ ಜಾಗ ಅದು. ಇವರೆಲ್ಲ ಕಾಲೇಜು ದಿನಗಳಲ್ಲಿ ಯಾರಿಗೆ ತಮ್ಮ ಮೊದಲ ಬರಹ ತೋರಿಸಿದರೋ ಕೇಳಬೇಕು ಅನ್ನಿಸುತ್ತದೆ.

ನಾವು ಕೇಳುತ್ತಿರುವುದು ನಾರ್ವಿಚ್ ಅಲ್ಲ. ಹೊಸ ವಿಭಾಗ, ಕಟ್ಟಡ, ಪ್ರೊಫೆಸರ್ ಹುದ್ದ�ೆ ಯಾವುದೂ ಬೇಡ. ಪ್ರತಿ ಕಾಲೇಜಿನಲ್ಲಿ ವಾರಕ್ಕೆ ಎರಡು ಗಂಟೆ ಒಂದು ಕೋಣೆ ಕೊಡಲಿ. ಕನ್ನಡ ಮೇಷ್ಟ್ರು ಆ ಎರಡು ಗಂಟೆ ಅಲ್ಲಿ ಕೂತರೆ ಅದನ್ನು ಅವರ ವರ್ಕ್‌ಲೋಡ್‌ಗೆ ಸೇರಿಸಲಿ. ಈಗ ಹಾಗೆ ಕೂರುವ ಮೇಷ್ಟ್ರುಗಳು ತಮ್ಮ ಮನೆಯ ಸಮಯ ಕೊಟ್ಟು ಕೂರುತ್ತಿದ್ದಾರೆ. ಕನ್ನಡ ಎಂಎ ಇರುವ ವಿಶ್ವವಿದ್ಯಾಲಯಗಳು ಒಂದು ಹೆಜ್ಜೆ ಮುಂದೆ ಹೋಗಿ, ಪ್ರಬಂಧದ ಜಾಗದಲ್ಲಿ ಕಥಾಸಂಕಲನವನ್ನೋ ಅನುವಾದವನ್ನೋ ಟಿಪ್ಪಣಿ ಸಮೇತ ಒಪ್ಪಿಸುವ ಆಯ್ಕೆಯನ್ನು ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿಡಬಹುದು. ತಮ್ಮ ಭಾಗದ ಲೇಖಕರ ಹಸ್ತಪ್ರತಿಗಳನ್ನು, ಕಾಟು ಹೊಡೆದು ತಿದ್ದಿದ ಪುಟಗಳ ಸಮೇತ, ವಿದ್ಯಾರ್ಥಿಗಳು ಮುಟ್ಟಿ ನೋಡುವಂತೆ ಇಡಬಹುದು. ದೊಡ್ಡವರೂ ಒಂದು ಸಾಲನ್ನು ನಾಲ್ಕು ಸಲ ಹೊಡೆದುಹಾಕಿದ್ದಾರೆ ಎಂದು ಕಣ್ಣಾರೆ ಕಂಡರೆ ಸ್ಕ್ರೀನ್ ಆಫ್ ಮಾಡುವ ಹುಡುಗಿಗೆ ಸ್ವಲ್ಪ ಧೈರ್ಯ ಬರುತ್ತದೆ.

ನಮ್ಮ ಕಾಲೇಜಿನಲ್ಲಿ ಈ ಸೆಮಿಸ್ಟರ್ ಶುರುವಿನಲ್ಲಿ ಏಳೂ ಜನ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ: ಗುರುವಾರ ಸಂಜೆ ಐದರಿಂದ ಏಳರವರೆಗೆ, ಸೆಮಿನಾರ್ ಹಾಲ್ ಪಕ್ಕದ ಖಾಲಿ ಕೋಣೆ. ಏಳೂವರೆಗೆ ಲೇಡೀಸ್ ಹಾಸ್ಟೆಲ್ ಗೇಟು ಹಾಕುತ್ತಾರೆ, ಅದಕ್ಕೇ ಏಳರವರೆಗೆ. ‘ಯಾವ ಕ್ಲಬ್ ಅಡಿಯಲ್ಲಿ ಇದು ಬರುತ್ತೆ?’ ಎಂದು ಆಫೀಸಿನಲ್ಲಿ ಕೇಳಿದ್ದಾರೆ, ಟೆಕ್ನಿಕಲ್ ಅಂತಲೋ ಕಲ್ಚರಲ್ ಅಂತಲೋ ಬರೆದುಕೊಡಬೇಕಂತೆ. ಅದು ತೀರ್ಮಾನವಾಗುವವರೆಗೆ ಕ್ಯಾಂಟೀನ್ ಹಿಂದಿನ ಕಟ್ಟೆಯಲ್ಲೇ ಕೂರುತ್ತಿದ್ದೇವೆ. ಈ ವಾರದ ಮೂರು ಪುಟ ಕಲಬುರಗಿಯ ಹುಡುಗನದ್ದು.